ಬಳೆಗಾರ ಗುಂಡಿನ ಮೇಲೆ ಒಂದು ಖೋಟಾ ನೋಟು

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಎರಡು ಕಥೆಗಳಿವೆ. ಮೊದಲನೆಯದು ಸುತ್ತಲಿನ ಊರವರಿಗೆಲ್ಲ ಗೊತ್ತು. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನಿಗೆ ಅಡ್ಡಬಂದು ರೆಕ್ಕೆ ಕಳೆದುಕೊಂಡ ಜಟಾಯು ಬಿದ್ದದ್ದು ಇಲ್ಲಿ, ರಾಮ ಲಿಂಗ ಸ್ಥಾಪಿಸಿದ್ದೂ ಇಲ್ಲಿ. ಎರಡನೆಯ ಕಥೆ ಕಾಲ ಕೆಳಗಿದೆ. ನೆಲಕ್ಕೆ ಸಮನಾಗಿ ಹಾಸಿದಂತಿರುವ ಬಂಡೆಯೊಂದರ ಮೇಲೆ ಅಶೋಕನ ಕಾಲದ ಬ್ರಾಹ್ಮಿ ಅಕ್ಷರಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇದನ್ನೂ ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳನ್ನೂ ಬೆಳಕಿಗೆ ತಂದರು. ಮೂರರಲ್ಲೂ ಮಾತು ಹೆಚ್ಚುಕಡಿಮೆ ಒಂದೇ. ಸುವರ್ಣಗಿರಿಯಿಂದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು: ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು. ಮೂರರಲ್ಲಿ ಓದಲು ತೀರಾ ಕಷ್ಟವಾದದ್ದು ಜಟಿಂಗ ರಾಮೇಶ್ವರದ್ದೇ. ಮಳೆ ಬಿಸಿಲು ಒಂದು ಕಾರಣ, ಬಳೆ ಇನ್ನೊಂದು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹರಡುತ್ತಿದ್ದುದು ಇದೇ ಬಂಡೆಯ ಮೇಲೆ. ಅದಕ್ಕೇ ಅದಕ್ಕೆ ಬಳೆಗಾರ ಗುಂಡು ಎಂದು ಹೆಸರು.

ಸತ್ಯ ಹೇಳಿ ಎಂಬ ರಾಜಾಜ್ಞೆಯ ಮೇಲೆ ಕೂತು ಜನ ತಲೆಮಾರುಗಟ್ಟಲೆ ಚಿಲ್ಲರೆ ಎಣಿಸಿದ್ದಾರೆ. ಮೊದಲ ಸಲ ನೋಡಿದಾಗ ನನಗೆ ಇದು ಬರೀ ತಮಾಷೆಯಾಗಿ ಕಂಡಿತ್ತು. ಆಮೇಲೆ ಆ ಬಂಡೆಯನ್ನು ಒಂದು ಆಟಕ್ಕೆ ಎತ್ತಿಕೊಂಡು ಹೋದೆ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದದ್ದು. ಗೊತ್ತಿಲ್ಲದವರಿಗೆ ಹೀಗೆ ಹೇಳಬಹುದು: ಮೇಜಿನ ಸುತ್ತ ನಾಲ್ಕೈದು ಜನ ಕೂತು ಕಾಗದ, ಪೆನ್ಸಿಲ್, ಇಪ್ಪತ್ತು ಮುಖದ ದಾಳ ಇಟ್ಟುಕೊಂಡು ಕಟ್ಟುವ ಕಥೆ. ಒಬ್ಬರು ಲೋಕವನ್ನು ನಡೆಸುತ್ತಾರೆ. ಉಳಿದವರು ಆ ಲೋಕದಲ್ಲಿ ಕಳ್ಳನೋ ಮಾಂತ್ರಿಕನೋ ಕತ್ತಿ ಹಿಡಿದ ಬಂಟನೋ ಆಗಿ ತಿರುಗುತ್ತಾರೆ. ನಮ್ಮ ಹಾಸ್ಟೆಲಿನಲ್ಲಿ ಶನಿವಾರ ರಾತ್ರಿಗಳು ಹೀಗೆ ಕಳೆಯುತ್ತಿದ್ದವು. ಲೋಕ ನಡೆಸುವ ಪಾಳಿ ನನ್ನದಾದಾಗ ನನ್ನ ರಾಜ್ಯಕ್ಕೆ ಇಸಿಲ ಎಂದು ಹೆಸರಿಟ್ಟೆ, ಬೆಟ್ಟದ ಮೇಲೆ ಬೊಕ್ಕಸ ಕಟ್ಟಿಸಿದೆ, ಬೊಕ್ಕಸದ ಬಾಗಿಲ ಮುಂದಿನ ಬಂಡೆಯ ಮೇಲೆ ಬಳೆಗಾರ್ತಿಯೊಬ್ಬಳನ್ನು ಕೂರಿಸಿದೆ.

ಈ ಆಟದ ಪುಸ್ತಕಗಳಲ್ಲಿ ದುಡ್ಡೆಂದರೆ ಲೋಹ. ಹತ್ತು ತಾಮ್ರಕ್ಕೆ ಒಂದು ಬೆಳ್ಳಿ, ಹತ್ತು ಬೆಳ್ಳಿಗೆ ಒಂದು ಚಿನ್ನ. ಐವತ್ತು ನಾಣ್ಯ ಸೇರಿದರೆ ಒಂದು ಪೌಂಡ್ ತೂಕ. ಡ್ರ್ಯಾಗನ್ ಹಾರಾಡುವ, ಸತ್ತವರು ಎದ್ದು ನಡೆಯುವ ಲೋಕದಲ್ಲೂ ಕಾಗದದ ನೋಟು ಮಾತ್ರ ಯಾರಿಗೂ ಸುಲಭವಾಗಿ ಹೊಳೆಯುವುದಿಲ್ಲ. ನನಗೆ ಹೊಳೆದದ್ದೂ ಅನಿವಾರ್ಯದಿಂದ. ನಮ್ಮವರು ಒಂದು ರಾತ್ರಿ ಡ್ರ್ಯಾಗನ್ ಕೊಂದು 20 ಸಾವಿರ ಚಿನ್ನದ ನಾಣ್ಯ ಗೆದ್ದರು. ಲೆಕ್ಕ ಹಾಕಿದರೆ 400 ಪೌಂಡ್, ಅಂದರೆ ಹೆಚ್ಚುಕಡಿಮೆ 180 ಕಿಲೋ. ಯಾರು ಹೊರಬೇಕು ಎಂಬ ಜಗಳದಲ್ಲೇ ಎರಡು ಗಂಟೆ ಕಳೆಯಿತು. ಮುಂದಿನ ವಾರ ಇಸಿಲದ ಬೊಕ್ಕಸ ಕಾಗದದ ‘ಓಲೆ’ ಹೊರಡಿಸಿತು: ಇದನ್ನು ತಂದುಕೊಟ್ಟವರಿಗೆ ನೂರು ಚಿನ್ನ.

ಚರಿತ್ರೆಯಲ್ಲೂ ಮೊದಲ ನೋಟು ಇದೇ ಬೆನ್ನುನೋವಿನಿಂದ ಹುಟ್ಟಿತು. ಸಾವಿರ ವರ್ಷದ ಹಿಂದೆ ಚೀನಾದ ಸಿಚುವಾನ್ ಪ್ರಾಂತದಲ್ಲಿ ಓಡುತ್ತಿದ್ದುದು ಕಬ್ಬಿಣದ ನಾಣ್ಯ. ಸಂತೆಗೆ ಹೋಗುವವರು ಸಾಮಾನಿಗಿಂತ ಹೆಚ್ಚು ದುಡ್ಡು ಹೊರಬೇಕಿತ್ತು. ಚೆಂಗ್ಡು ಪಟ್ಟಣದ ವರ್ತಕರು ಕಬ್ಬಿಣವನ್ನು ತಮ್ಮಲ್ಲಿಟ್ಟುಕೊಂಡು ಚೀಟಿ ಕೊಡತೊಡಗಿದರು, ಚೀಟಿ ಕೈಯಿಂದ ಕೈಗೆ ದಾಟಿತು. ಕೆಲವರು ತೀರಿಸಲಾಗದೆ ಕೈಯೆತ್ತಿದಾಗ 1023ರಲ್ಲಿ ಸರ್ಕಾರವೇ ಆ ಕೆಲಸ ವಹಿಸಿಕೊಂಡಿತು. ಆ ನೋಟುಗಳಿಗೆ ಅವಧಿಯಿತ್ತು. ಕೆಲವು ವರ್ಷ ಕಳೆದ ಮೇಲೆ ಸ್ವಲ್ಪ ಶುಲ್ಕ ಕಟ್ಟಿ ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯಬೇಕಿತ್ತು.

ನಾನು ಓಲೆ ಹೊರಡಿಸಿದ ಎರಡನೆಯ ವಾರಕ್ಕೇ ನಮ್ಮ ಗುಂಪಿನ ಕಳ್ಳ ತನ್ನ ಸಾಮಾನಿನ ಪಟ್ಟಿಯಲ್ಲಿ ಒಂದು ಹೊಸ ಸಾಲು ಬರೆದುಕೊಂಡ. ಫೋರ್ಜರಿ ಕಿಟ್, ಬೆಲೆ 15 ಚಿನ್ನ. ಪುಸ್ತಕದಲ್ಲೇ ಇರುವ ಸಾಮಾನು. ಶಾಯಿ, ಬಗೆಬಗೆಯ ಕಾಗದ, ಅರಗು, ಮುದ್ರೆ ಎಲ್ಲ ಅದರಲ್ಲಿ ಸಿಗುತ್ತದೆ. ನನ್ನ ನೂರು ಚಿನ್ನದ ಓಲೆಗೆ ಅವನ ಬಂಡವಾಳ ಹದಿನೈದು.

ಹೊಸದಾಗಿ ನೋಟು ಹೊರಡಿಸಿದ ಎಲ್ಲ ಸರ್ಕಾರಗಳೂ ಮಾಡುವುದನ್ನೇ ನಾನೂ ಮಾಡಿದೆ. ನಕಲಿಗೆ ಸಿಗದ ಗುರುತು ಹುಡುಕಿದೆ. ಉಪಾಯ ಸಿಕ್ಕಿದ್ದು ಮತ್ತೆ ಅದೇ ಬಂಡೆಯಿಂದ. ಈ ಮೂರು ಶಾಸನಗಳನ್ನು ಬರೆದ ಲಿಪಿಕಾರ ಚಪಡ ಎಂಬವನು. ಇಡೀ ಆಜ್ಞೆಯನ್ನು ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಬರೆದು, ಕೊನೆಯಲ್ಲಿ ‘ಲಿಪಿಕಾರನಿಂದ’ ಎಂಬ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಉಪಖಂಡದ ವಾಯವ್ಯ ಮೂಲೆಯ ಲಿಪಿ. ಈ ಸೀಮೆಯಲ್ಲಿ ಅದನ್ನು ಓದುವವರು ಯಾರಿದ್ದರು? ಚಪಡನಿಗೆ ಭದ್ರತೆಯ ಯೋಚನೆ ಇದ್ದಿರಲಾರದು. ತನಗೆ ಎರಡು ಲಿಪಿ ಬರುತ್ತದೆ ಎಂಬ ಸಣ್ಣ ಹೆಮ್ಮೆ ಇದ್ದಿರಬಹುದು, ಅಷ್ಟೆ. ನಾನು ಮಾತ್ರ ಅದನ್ನು ಭದ್ರತೆ ಮಾಡಿಕೊಂಡೆ. ಇಸಿಲದ ಪ್ರತಿ ಓಲೆಯ ಮೇಲೂ ಬೊಕ್ಕಸದ ಕರಣಿಕನಿಗೆ ಮಾತ್ರ ಗೊತ್ತಿರುವ ಲಿಪಿಯಲ್ಲಿ ಬಲದಿಂದ ಎಡಕ್ಕೆ ಒಂದು ರುಜು.

ನಮ್ಮ ಕಳ್ಳ ನಕ್ಕ. “ನನಗೆ ಓದೋಕೆ ಬರಬೇಕಾಗಿಲ್ಲ, ನೋಡಿ ಬರೆಯೋಕೆ ಬಂದ್ರೆ ಸಾಕು. ತಗೊಳ್ಳೋ ಬಳೆಗಾರ್ತಿಗೂ ಓದೋಕೆ ಬರಲ್ವಲ್ಲ.”

ಆ ಮಾತು ನನ್ನಲ್ಲಿ ಉಳಿದುಬಿಟ್ಟಿತು. ತೆಗೆದುಕೊಳ್ಳುವವರಿಗೆ ಪರೀಕ್ಷಿಸಲು ಬಾರದ ಗುರುತು ಕಾಯುವುದು ಕೊಟ್ಟವನನ್ನು ಮಾತ್ರ. ಲೋಹದ ಕಾಲದಲ್ಲಿ ಒರೆಗಲ್ಲು ಇತ್ತು, ಚಿನಿವಾರನಿದ್ದ. ನಾಣ್ಯವನ್ನು ಕಲ್ಲಿಗೆ ಉಜ್ಜಿ, ನೆಲಕ್ಕೆ ಹಾಕಿ ದನಿ ಕೇಳಿ, ವಟ್ಟ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಿದ್ದ. ಅವನ ಮೇಲೆ ಜನಕ್ಕೆ ಪ್ರೀತಿಯೇನೂ ಇರಲಿಲ್ಲ. ಆದರೆ ಖೊಟ್ಟಿ ನಾಣ್ಯದಲ್ಲೂ ಒಂದಿಷ್ಟು ಲೋಹವಿರುತ್ತಿತ್ತು, ಅಷ್ಟರ ಮಟ್ಟಿಗೆ ಬೆಲೆ ಉಳಿಯುತ್ತಿತ್ತು. ಖೋಟಾ ನೋಟಿನಲ್ಲಿ ಉಳಿಯುವುದು ಏನೂ ಇಲ್ಲ. ಪೊಟ್ಟಣ ಕಟ್ಟಲೂ ಸಾಲದಷ್ಟು ಕಾಗದ.

ನಮ್ಮ ವರ್ತಕರು ಕಾಗದದ ಈ ಅಪಾಯವನ್ನು ತಮ್ಮದೇ ರೀತಿಯಲ್ಲಿ ಬಲ್ಲವರಾಗಿದ್ದರು. ಹುಂಡಿಯಲ್ಲಿ ಮೊತ್ತವನ್ನು ಒಂದೇ ಸಲ ಬರೆಯುತ್ತಿರಲಿಲ್ಲ. ಸಾವಿರ ರೂಪಾಯಿ, ಅದರ ಅರ್ಧ ಐನೂರು, ಅದರ ಇಮ್ಮಡಿ ಕೊಡುವುದು ಎಂಬ ರೀತಿಯಲ್ಲಿ ಸುತ್ತಿ ಬರೆಯುತ್ತಿದ್ದರು. ಯಾರೂ ಒಂದು ಸೊನ್ನೆ ಸೇರಿಸಿ ಬಚಾವಾಗುವಂತಿರಲಿಲ್ಲ. ಬ್ರಿಟಿಷರ 1861ರ ಕಾಗದ ಹಣದ ಕಾಯ್ದೆಯ ನಂತರ ಸರ್ಕಾರಿ ನೋಟು ಬಂದಾಗ ಜನ ಅದನ್ನು ನಡುವೆ ಕತ್ತರಿಸಿ ಒಂದು ಅರ್ಧವನ್ನು ಮೊದಲು ಅಂಚೆಯಲ್ಲಿ ಕಳಿಸುತ್ತಿದ್ದರು. ಅದು ತಲುಪಿದ ಸುದ್ದಿ ಬಂದ ಮೇಲೆ ಇನ್ನೊಂದು ಅರ್ಧ. ಕತ್ತರಿಸಿದ ನೋಟಿನ ಉಪಾಯವನ್ನು ನಾನು ಆಟದಲ್ಲೂ ತಂದೆ. ಅದು ದಾರಿಗಳ್ಳರನ್ನು ತಡೆಯಿತು, ಖೋಟಾ ಓಲೆಯನ್ನು ತಡೆಯಲಿಲ್ಲ.

ಐದನೆಯ ವಾರ ನಾನು ಮಂತ್ರ ಹಾಕಿದೆ. ಅಸಲಿ ಓಲೆಯನ್ನು ಮಾಂತ್ರಿಕ ಮುಟ್ಟಿದರೆ ಹೊಳೆಯಬೇಕು. ಕಳ್ಳ ಆ ವಾರ ಶಾಯಿ ಮುಟ್ಟಲೇ ಇಲ್ಲ. ನೇರವಾಗಿ ಬೊಕ್ಕಸದ ಅಚ್ಚುಗಾರನ ಮನೆಗೆ ಹೋಗಿ, ಸವೆದುಹೋಯಿತೆಂದು ಮೂಲೆಗೆ ಹಾಕಿದ ಹಳೆಯ ಅಚ್ಚನ್ನು ಕೊಂಡುಕೊಂಡ. ಆಗ ನಾವೆಲ್ಲ ಒಟ್ಟಿಗೆ ಕೂಗಿದ ಹೆಸರು ತೆಲಗಿ.

ಖಾನಾಪುರದ ಅಬ್ದುಲ್ ಕರೀಂ ತೆಲಗಿ ನಕಲು ಮಾಡಿದ್ದು ನೋಟನ್ನಲ್ಲ, ಛಾಪಾ ಕಾಗದವನ್ನು. ಆದರೆ ಛಾಪಾ ಕಾಗದವೂ ಒಂದು ಬಗೆಯ ಕಾಗದದ ಹಣವೇ. ಸರ್ಕಾರಕ್ಕೆ ಶುಲ್ಕ ಸಂದಿದೆ ಎಂದು ಹೇಳುವುದಷ್ಟೇ ಅದರ ಕೆಲಸ. ತೆಲಗಿ ಅದ್ಭುತ ಕಲಾವಿದನೇನೂ ಆಗಿರಲಿಲ್ಲ. ನಾಸಿಕ್‌ನ ಸರ್ಕಾರಿ ಭದ್ರತಾ ಮುದ್ರಣಾಲಯ ವಿಲೇವಾರಿ ಮಾಡಿದ ಯಂತ್ರಗಳನ್ನು ಕೈವಶ ಮಾಡಿಕೊಂಡದ್ದು, ಒಳಗಿನವರನ್ನು ಕೊಂಡದ್ದು, ಮಾರಾಟಗಾರರ ಜಾಲ ಕಟ್ಟಿದ್ದು ಅವನ ಚಾತುರ್ಯ. 2001ರಲ್ಲಿ ಅಜ್ಮೀರದಲ್ಲಿ ಸಿಕ್ಕಿಬಿದ್ದ, ಆಮೇಲೆ 30 ವರ್ಷದ ಶಿಕ್ಷೆಯಾಯಿತು, 2017ರಲ್ಲಿ ಬೆಂಗಳೂರಿನಲ್ಲಿ ಕೈದಿಯಾಗಿಯೇ ಸತ್ತ. ಅವನ ಕಾಗದ ಕೊಂಡ ಜನ ಸರ್ಕಾರಕ್ಕೆ ಕಟ್ಟಿದೆವು ಎಂದುಕೊಂಡಿದ್ದ ಹಣ ಸರ್ಕಾರವನ್ನು ತಲುಪಲೇ ಇಲ್ಲ. ಅಚ್ಚು ಅಸಲಿ ಯಂತ್ರದಿಂದಲೇ ಬಂದಾಗ ಅಸಲಿ ಎಂಬ ಪದಕ್ಕೆ ಏನರ್ಥ ಎಂದು ನಮ್ಮ ಮಾಂತ್ರಿಕ ಕೇಳಿದ. ತತ್ವಶಾಸ್ತ್ರದ ವಿದ್ಯಾರ್ಥಿ, ಕೇಳಬೇಕಾದ್ದೇ. ಉತ್ತರ ಕೊಡದೆ ಮುಂದೆ ಹೋದೆವು.

ಮುಂದೆ ಎಂದರೆ ಶಿಕ್ಷೆ. ಚೀನಾದ ಮಿಂಗ್ ಅರಸರು 1375ರಲ್ಲಿ ಹೊರಡಿಸಿದ ನೋಟು ಅಂಗೈಯಲ್ಲಿ ಹಿಡಿಯುವಂಥದ್ದಲ್ಲ. ಸುಮಾರು 34 ಸೆಂಟಿಮೀಟರ್ ಉದ್ದ, 22 ಸೆಂಟಿಮೀಟರ್ ಅಗಲ. ಅದರ ಮೇಲೆಯೇ ಎಚ್ಚರಿಕೆ ಅಚ್ಚಾಗಿರುತ್ತಿತ್ತು. ನಕಲು ಮಾಡಿದವನ ತಲೆ ಹೋಗುತ್ತದೆ, ಸುಳಿವು ಕೊಟ್ಟವನಿಗೆ 250 ತೊಲ ಬೆಳ್ಳಿಯ ಜೊತೆಗೆ ಅಪರಾಧಿಯ ಆಸ್ತಿಯೂ ಸಿಗುತ್ತದೆ ಎಂದು. ತೊಲ ಎಂದು ನಾನು ನಮ್ಮ ಲೆಕ್ಕದಲ್ಲಿ ಹೇಳಿದೆ, ಅವರದು ಲಿಯಾಂಗ್, ತೊಲಕ್ಕಿಂತ ಬಹಳ ಭಾರ. ಇಷ್ಟೆಲ್ಲ ಬರೆದ ನೋಟನ್ನು ಬೆಳ್ಳಿಗೆ ಬದಲಾಯಿಸಿಕೊಡುವ ಏರ್ಪಾಡು ಮಾತ್ರ ಇರಲಿಲ್ಲ. ಕಳ್ಳರಿಗೆ ಹೆದರಿ ಅದು ಸಾಯಲಿಲ್ಲ. ಅಚ್ಚು ಹಾಕುವ ಅರಸನಿಗೇ ಕೈತಡೆ ಇಲ್ಲದೆ ಬೆಲೆ ಕುಸಿದು ಸತ್ತಿತು.

ಇಲ್ಲಿಯವರೆಗೂ ನಾನು ಆಟವನ್ನು ಕಳ್ಳ ಮತ್ತು ಬೊಕ್ಕಸದ ನಡುವಿನ ಪಂದ್ಯ ಎಂದೇ ತಿಳಿದಿದ್ದೆ. ಅದು ಬದಲಾದದ್ದು ಚಳ್ಳಕೆರೆಗೆ ಹೋಗಿ ಬಂದ ಮೇಲೆ.

ಚಳ್ಳಕೆರೆಯ ಕಂಬಳಿ ಸಂತೆ ಹೆಸರುವಾಸಿ. ನನ್ನ ಸೋದರಮಾವ ಅಲ್ಲಿ ಕಂಬಳಿ ಮಾರುತ್ತಾರೆ. ಒಂದು ದಿನ ಸಂತೆಯ ದುಡ್ಡನ್ನು ಬ್ಯಾಂಕಿಗೆ ಕಟ್ಟಲು ಹೋದಾಗ ಎಣಿಸುವ ಯಂತ್ರ ಐನೂರರ ಒಂದು ನೋಟನ್ನು ಉಗುಳಿತು. ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು ನೋಡಿ, ಖೋಟಾ ಎಂದು ಮುದ್ರೆ ಒತ್ತಿ, ತಮ್ಮಲ್ಲೇ ಇಟ್ಟುಕೊಂಡು, ಒಂದು ರಸೀದಿ ಕೊಟ್ಟರು. ಅವರು ಮಾಡಿದ್ದು ನಿಯಮದ ಪ್ರಕಾರವೇ. ರಿಸರ್ವ್ ಬ್ಯಾಂಕಿನ ನಿರ್ದೇಶನ ಇರುವುದು ಹಾಗೆ. ಖೋಟಾ ನೋಟನ್ನು ಜಪ್ತಿ ಮಾಡಬೇಕು, ತಂದವರಿಗೆ ಸ್ವೀಕೃತಿ ಕೊಡಬೇಕು, ಹಿಂದಿರುಗಿಸಬಾರದು, ಬದಲಿ ಹಣ ಕೊಡಬಾರದು. ಒಂದೇ ವಹಿವಾಟಿನಲ್ಲಿ ನಾಲ್ಕರವರೆಗೆ ಸಿಕ್ಕರೆ ತಿಂಗಳ ಕೊನೆಗೆ ಪೊಲೀಸರಿಗೆ ವರದಿ, ಐದು ಅಥವಾ ಅದಕ್ಕಿಂತ ಹೆಚ್ಚಾದರೆ ನೇರವಾಗಿ ಎಫ್‌ಐಆರ್.

“ನಾನೇನ್ ಅಚ್ ಹಾಕಿದ್ನಾ? ಯಾವನ್ ಕೊಟ್ನೋ ಯಾರಿಗ್ ಗೊತ್ತು” ಎಂದರು ಮಾವ. ರಸೀದಿಯನ್ನು ಮಡಚಿ ದೇವರ ಪಟದ ಹಿಂದೆ ಇಟ್ಟಿದ್ದರು. ಏಕೆ ಇಟ್ಟಿದ್ದಾರೆಂದು ಅವರಿಗೂ ಗೊತ್ತಿರಲಿಲ್ಲ. ಒಂದು ಕಂಬಳಿಯಲ್ಲಿ ಉಳಿಯುವುದನ್ನು ಲೆಕ್ಕ ಹಾಕಿದರೆ ಆ ನೋಟು ಅವರ ಆ ದಿನದ ಇಡೀ ದುಡಿಮೆ. ಸಂತೆಯಲ್ಲಿ ಪಕ್ಕದ ಅಂಗಡಿಯವರು ಹೇಳಿದ್ದು ಇನ್ನೊಂದು ಮಾತು: ಬ್ಯಾಂಕಿಗ್ಯಾಕ್ ತಗಂಡ್ ಹೋದೆ, ಕತ್ಲಾದ್ಮೇಲೆ ಯಾರಿಗಾದ್ರೂ ದಾಟ್ಸಿದ್ರೆ ಆಗ್ತಿತ್ತಲ್ಲ.

ದಾಟಿಸುವುದು ಅಪರಾಧ. ಹಳೆಯ ದಂಡ ಸಂಹಿತೆಯ 489ಬಿ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 179ನೇ ಕಲಂ, ಖೋಟಾ ಎಂದು ತಿಳಿದೂ ಚಲಾಯಿಸಿದವರಿಗೆ ಜೀವಾವಧಿಯವರೆಗೂ ಶಿಕ್ಷೆ ಹೇಳುತ್ತದೆ. ಆದರೆ ಲೆಕ್ಕ ನೋಡಿ. ತಿಳಿಯದೆ ತೆಗೆದುಕೊಂಡು ಬ್ಯಾಂಕಿಗೆ ಒಯ್ದವನಿಗೆ ನಷ್ಟ ಖಚಿತ. ದಾಟಿಸಿದವನಿಗೆ ಶಿಕ್ಷೆ ಬರೀ ಸಂಭವ. ಪ್ರಾಮಾಣಿಕತೆಗೆ ಐನೂರು ರೂಪಾಯಿ ದಂಡ ಎಂದು ಯಾರೂ ಬರೆದಿಟ್ಟಿಲ್ಲ, ಏರ್ಪಾಡು ಇರುವುದು ಮಾತ್ರ ಹಾಗೆ.

ಹಿಂದಿರುಗಿ ಬಂದು ಅರ್ಥಶಾಸ್ತ್ರ ತೆಗೆದೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿದ ಗ್ರಂಥ. ಅಶೋಕನ ಅಜ್ಜನ ಮಂತ್ರಿ ಬರೆದದ್ದು ಎಂದು ಪ್ರತೀತಿ. ಈಗಿನ ರೂಪ ಮೌರ್ಯರಿಗಿಂತ ಈಚಿನದು ಎಂಬುದು ಇಂದಿನ ಬಹುಪಾಲು ವಿದ್ವಾಂಸರ ಮತ. ಆದ್ದರಿಂದ ಅದರ ನಿಯಮಗಳನ್ನು ಬಳೆಗಾರ ಗುಂಡಿನ ಕಾಲಕ್ಕೆ ಅಂಟಿಸಲು ನಾನು ಹೋಗುವುದಿಲ್ಲ. ಆದರೂ ಅದರಲ್ಲಿ ಒಂದು ಅಪರೂಪದ ಯೋಚನೆ ಇದೆ. ನಾಣ್ಯ ಪರೀಕ್ಷಿಸುವ ಅಧಿಕಾರಿಗೆ ಅಲ್ಲಿ ರೂಪದರ್ಶಕ ಎಂದು ಹೆಸರು. ಒಳ್ಳೆಯ ನಾಣ್ಯವನ್ನು ಅವನು ಕೆಟ್ಟದ್ದು ಎಂದರೂ ಕೆಟ್ಟದ್ದನ್ನು ಒಳ್ಳೆಯದು ಎಂದರೂ ಅವನಿಗೇ 12 ಪಣ ದಂಡ. ಖೊಟ್ಟಿ ನಾಣ್ಯ ಮಾಡಿಸಿದವನಿಗೆ, ತೆಗೆದುಕೊಂಡವನಿಗೆ, ದಾಟಿಸಿದವನಿಗೆ ಸಾವಿರ ಪಣ. ಬೊಕ್ಕಸಕ್ಕೆ ಹಾಕಿದವನಿಗೆ ಮರಣ. ಮೆಟ್ಟಿಲು ಮೆಟ್ಟಿಲಾಗಿ ಏರುವ ಈ ದಂಡಗಳಲ್ಲಿ ಗ್ರಂಥಕಾರನ ಕಣ್ಣು ಯಾವುದರ ಮೇಲಿತ್ತು ಎಂಬುದು ಸ್ಪಷ್ಟ. ಸಂತೆಯಲ್ಲಿ ಖೊಟ್ಟಿ ಓಡಾಡಿದರೆ ದಂಡದಲ್ಲಿ ಮುಗಿಯುತ್ತದೆ, ಕೋಶಕ್ಕೆ ಬಂದರೆ ತಲೆ ಉಳಿಯುವುದಿಲ್ಲ. ಪರೀಕ್ಷಕನನ್ನು ಹೊಣೆ ಮಾಡಿದ ಆ 12 ಪಣವನ್ನು ಮಾತ್ರ ನಾನು ಇನ್ನೆಲ್ಲೂ ಕಂಡಿಲ್ಲ.

ಖೊಟ್ಟಿಯ ನಷ್ಟವನ್ನು ಬೊಕ್ಕಸವೇ ಹೊತ್ತ ಉದಾಹರಣೆ ಇದೆಯೇ ಎಂದು ಹುಡುಕಿದರೆ ಸಿಗುವುದು ನಾವು ಹುಚ್ಚ ಎಂದು ಕರೆಯುವ ದೊರೆ.

ಮಹಮ್ಮದ್ ಬಿನ್ ತುಘಲಕ್ ಈ ಸೀಮೆಗೆ ದೂರದವನಲ್ಲ. ಮೊಳಕಾಲ್ಮೂರಿನಿಂದ ಉತ್ತರಕ್ಕೆ ಬಳ್ಳಾರಿ ದಾಟಿದರೆ ಕಂಪಿಲಿ. ತನ್ನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಶಾಸ್ಪನಿಗೆ ಆಶ್ರಯ ಕೊಟ್ಟ ಕಾರಣಕ್ಕೆ ತುಘಲಕ್‌ನ ಸೈನ್ಯ 1327ರ ಹೊತ್ತಿಗೆ ಕಂಪಿಲರಾಯನ ರಾಜ್ಯವನ್ನು ಮುಗಿಸಿತು. ಗಂಡುಗಲಿ ಕುಮಾರರಾಮನ ಕಥೆ ನಮ್ಮ ಕಡೆ ಇಂದಿಗೂ ಹಾಡಾಗಿ ಉಳಿದದ್ದು ಆ ಸೋಲಿನಿಂದ. ಅದಾಗಿ ಎರಡು ಮೂರು ವರ್ಷಕ್ಕೆ, ಹಿಜರಿ 730ರಲ್ಲಿ, ಸುಲ್ತಾನ ಹಿತ್ತಾಳೆ ತಾಮ್ರಗಳ ಟಂಕ ಹೊರಡಿಸಿದ. ಬೆಲೆ ಬೆಳ್ಳಿಯ ಟಂಕಕ್ಕೆ ಸಮ. ದೆಹಲಿಯ ಕಮ್ಮಟದಲ್ಲೂ ದೌಲತಾಬಾದಿನಲ್ಲೂ ಅಚ್ಚಾಯಿತು. ಸುಲ್ತಾನನಿಗೆ ವಿಧೇಯನಾಗಿರುವುದು ದೇವರಿಗೆ ವಿಧೇಯನಾಗಿರುವುದಕ್ಕೆ ಸಮ ಎಂಬರ್ಥದ ಮಾತು ಅದರ ಮೇಲಿತ್ತು. ಲೋಹ ಮಾಡಲಾಗದ ಕೆಲಸವನ್ನು ಮಾತಿನಿಂದ ಮಾಡಿಸುವ ಪ್ರಯತ್ನ. ಲೋಹದ್ದಾದರೂ ಗುಣದಲ್ಲಿ ಅದು ನೋಟೇ. ಚೀನಾದಲ್ಲಿ ಕಾಗದ ಓಡುತ್ತಿದ್ದುದು ಆಗ ಎಲ್ಲರಿಗೂ ಗೊತ್ತಿದ್ದ ಸುದ್ದಿ. ಇರಾನಿನ ಮಂಗೋಲ್ ದೊರೆ ಗೈಖಾತು 1294ರಲ್ಲಿ ತಬ್ರೀಜ್‌ನಲ್ಲಿ ಅದನ್ನೇ ಮಾಡಹೋಗಿ ಅಂಗಡಿಗಳು ಬಾಗಿಲು ಹಾಕಿಕೊಂಡು, ಸುಮಾರು ಎರಡು ತಿಂಗಳಲ್ಲಿ ಹಿಂದೆಗೆದುಕೊಂಡದ್ದೂ ಸುದ್ದಿಯೇ.

ತುಘಲಕ್‌ನ ಟಂಕದಲ್ಲಿ ನಕಲು ತಡೆಯುವ ಗುರುತು ಯಾವುದೂ ಇರಲಿಲ್ಲ. ಹಿತ್ತಾಳೆ ಎಲ್ಲೆಡೆ ಸಿಗುತ್ತಿತ್ತು, ಅಚ್ಚು ಕೊರೆಯುವವರು ಎಲ್ಲೆಡೆ ಇದ್ದರು. ಹಿಂದೂಗಳ ಮನೆಮನೆಯೂ ಕಮ್ಮಟವಾಯಿತು ಎಂದು ಬರನಿ ಬರೆದದ್ದನ್ನು ಎಲ್ಲ ಪಠ್ಯಪುಸ್ತಕಗಳೂ ಮತ್ತೆ ಮತ್ತೆ ಹೇಳುತ್ತವೆ. ಆ ಮಾತನ್ನು ನಂಬುವ ಮೊದಲು ಬರನಿ ಯಾರೆಂದು ನೋಡಬೇಕು. ಹದಿನೇಳು ವರ್ಷ ಆಸ್ಥಾನದಲ್ಲಿದ್ದು, ಆಮೇಲೆ ಪದವಿ ಕಳೆದುಕೊಂಡು ಬಡತನದಲ್ಲಿ ಇತಿಹಾಸ ಬರೆದವನು. ಕೀಳು ಕುಲದವರು ಮೇಲೇರುವುದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಹಳ್ಳಿಯ ಮುಖಂಡರು ಹಿತ್ತಾಳೆಯಲ್ಲಿ ಕಂದಾಯ ಕಟ್ಟಿ ಕುದುರೆ ಕೊಂಡರು ಎಂಬುದು ಅವನಿಗೆ ಹಣಕಾಸಿನ ಸಮಸ್ಯೆಗಿಂತ ಮರ್ಯಾದೆಯ ಸಮಸ್ಯೆ. ನಕಲು ಹೇರಳವಾಗಿತ್ತು ಎಂಬುದನ್ನು ಒಪ್ಪಬಹುದು. ಮನೆಮನೆ ಎಂಬುದು ಸಿಟ್ಟಿನ ಲೆಕ್ಕ.

ನನಗೆ ಮುಖ್ಯವಾಗಿ ಕಂಡದ್ದು ಮುಂದಿನದು. ಸುಮಾರು ಮೂರು ವರ್ಷಕ್ಕೆ ಸುಲ್ತಾನ ಸೋಲೊಪ್ಪಿಕೊಂಡ. ಹಿತ್ತಾಳೆ ಟಂಕ ಇರುವವರು ಬೊಕ್ಕಸಕ್ಕೆ ತಂದು ಚಿನ್ನ ಬೆಳ್ಳಿಯ ನಾಣ್ಯ ಒಯ್ಯಬಹುದು ಎಂದು ಸಾರಿದ. ಜನ ತಂದರು, ಗಾಡಿಗಟ್ಟಲೆ ತಂದರು. ತುಘಲಕಾಬಾದಿನಲ್ಲಿ ರಾಶಿ ಬೆಟ್ಟದಂತೆ ಬೆಳೆಯಿತು ಎನ್ನುತ್ತಾನೆ ಬರನಿ. ಅಸಲಿ ಯಾವುದು, ನಕಲಿ ಯಾವುದು ಎಂದು ವಿಂಗಡಿಸುವಂತಿರಲಿಲ್ಲ. ಬೊಕ್ಕಸ ಎರಡಕ್ಕೂ ಬೆಳ್ಳಿ ಕೊಟ್ಟಿತು. ಗಿರೀಶ ಕಾರ್ನಾಡರ ‘ತುಘಲಕ್’ (1964) ಓದಿದವರಿಗೆ ಈ ರಾಶಿ ನೆನಪಿರುತ್ತದೆ. ಸುಲ್ತಾನ ತಾನು ಆಸೆಪಟ್ಟು ಮಾಡಿಸಿದ ಗುಲಾಬಿ ತೋಟದಲ್ಲೇ ಅದನ್ನು ಸುರಿಸುತ್ತಾನೆ. ನಾಟಕದಲ್ಲಿ ಅದು ಕನಸುಗಳ ಗೋರಿ. ಕನ್ನಡದಲ್ಲಿ ತುಘಲಕ್ ದರ್ಬಾರು ಎಂದರೆ ಇಂದಿಗೂ ತಲೆಕೆಟ್ಟ ಆಡಳಿತ.

ನೋಟು ಹೊರಡಿಸಿದ್ದು ದುಡುಕು, ಒಪ್ಪುತ್ತೇನೆ. ಆದರೆ ವಾಪಸು ತೆಗೆದುಕೊಂಡ ರೀತಿಯನ್ನು ಹುಚ್ಚು ಎನ್ನಲು ನನಗೆ ಮನಸ್ಸಾಗುವುದಿಲ್ಲ. ಮಾತು ಕೊಟ್ಟವನು ನಾನು, ಆ ಮಾತನ್ನು ಯಾರೋ ನಕಲು ಮಾಡಿದರೆ ತಪ್ಪು ತಡೆಯಲಾರದ ನನ್ನದು, ತೆಗೆದುಕೊಂಡ ಬಳೆಗಾರನದಲ್ಲ ಎಂದು ಒಪ್ಪಿಕೊಂಡ ಹಾಗಾಯಿತು. ನನ್ನ ಮಾರ್ಗದರ್ಶಕರ ಮುಂದೆ ಈ ವಾದ ಇಟ್ಟಾಗ ಅವರು ಒಂದೇ ಪ್ರಶ್ನೆ ಕೇಳಿದರು: ಆ ಬೆಳ್ಳಿ ಎಲ್ಲಿಂದ ಬಂದಿತ್ತು? ನಿಜ. ಇದೇ ಸುಲ್ತಾನನ ಕಾಲದಲ್ಲೇ ಗಂಗಾ ಯಮುನಾ ನಡುವಿನ ದೋಆಬ್‌ನಲ್ಲಿ ಕಂದಾಯ ಏರಿ ರೈತರು ಹೊಲ ಬಿಟ್ಟು ಓಡಿದ್ದರು. ಬೊಕ್ಕಸ ಹೊತ್ತ ನಷ್ಟವೂ ಕೊನೆಗೆ ಯಾವುದೋ ಹೊಲಕ್ಕೆ ಇಳಿಯುತ್ತದೆ. ಇನ್ನೊಂದು ಅನ್ಯಾಯವೂ ಇದೆ. ಗಾಡಿಗಟ್ಟಲೆ ತಂದವರು ಬಳೆಗಾರರಾಗಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಬೆಳ್ಳಿ ಸಿಕ್ಕಿದ್ದು ಎಲ್ಲಕ್ಕಿಂತ ಹೆಚ್ಚು ಅಚ್ಚು ಹಾಕಿದವರಿಗೇ.

ಇಂದಿನ ಬ್ಯಾಂಕಿನ ನಿಯಮದ ಹಿಂದೆ ಇರುವ ಹೆದರಿಕೆ ಇದೇ ಇರಬೇಕು. ಖೋಟಾಗೆ ಬದಲಿ ಕೊಡುತ್ತೇವೆ ಎಂದು ಬಾಗಿಲು ತೆರೆದರೆ ಮೊದಲು ಬಂದು ನಿಲ್ಲುವವನು ಅಚ್ಚು ಹಾಕಿದವನೇ. ಆಟದಲ್ಲಿ ನಮ್ಮ ಕಳ್ಳನೂ ಅದನ್ನೇ ಹೇಳಿದ. ಬೊಕ್ಕಸ ಕೊಡುತ್ತೆ ಅಂದ್ರೆ ನಾನು ಇನ್ನೆರಡು ಅಚ್ಚು ತರಿಸ್ತೀನಿ.

ನಾನು ಆಗ ಮೈಸೂರಿನ ಮಾತು ತೆಗೆದೆ. ನಮ್ಮ ನೋಟುಗಳ ಒಂದು ಪಾಲು ಅಚ್ಚಾಗುವುದು ಮೈಸೂರಿನ ಮುದ್ರಣಾಲಯದಲ್ಲಿ, ಅದಕ್ಕೆ ಬೇಕಾದ ಕಾಗದದ ಕಾರ್ಖಾನೆಯೂ ಅಲ್ಲೇ ಇದೆ. ಐನೂರರ ನೋಟನ್ನು ಓರೆ ಮಾಡಿದರೆ ಭದ್ರತಾ ಎಳೆ ಹಸಿರಿನಿಂದ ನೀಲಿಗೆ ತಿರುಗುತ್ತದೆ, ಕಣ್ಣು ಕಾಣದವರ ಬೆರಳಿಗೆ ತಾಗಲೆಂದು ಎರಡೂ ಅಂಚಿನಲ್ಲಿ ಉಬ್ಬಿದ ಐದೈದು ಗೆರೆಗಳಿವೆ, ಹಿಂದಿನ ಭಾಷಾಪಟ್ಟಿಯಲ್ಲಿ ನಾಲ್ಕನೆಯ ಸಾಲು ಕನ್ನಡ. ಇವು ಒಳ್ಳೆಯ ಗುರುತುಗಳು, ಚಪಡನ ಖರೋಷ್ಠಿಯಂತಲ್ಲ, ತೆಗೆದುಕೊಳ್ಳುವವರೇ ಪರೀಕ್ಷಿಸಬಹುದಾದವು. ಆದರೆ ಸಂತೆಯಲ್ಲಿ ಹೊತ್ತು ಮುಳುಗುವಾಗ, ನಾಲ್ಕು ಜನ ಒಟ್ಟಿಗೆ ಕೈ ಚಾಚಿದಾಗ, ಪ್ರತಿ ನೋಟನ್ನೂ ಓರೆ ಮಾಡಿ ನೋಡುತ್ತ ಕೂತರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಮಾವ ಈಗ ಕ್ಯೂಆರ್ ಕೋಡಿನ ಹಲಗೆ ತೂಗುಹಾಕಿದ್ದಾರೆ. ಅಲ್ಲೂ ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರಿದ್ದಾರಂತೆ. ದುಡ್ಡು ಬಂತೆಂದು ಕೂಗಿ ಹೇಳುವ ಪೆಟ್ಟಿಗೆ ಅದಕ್ಕೇ ಬಂದದ್ದು. ನೆಲಕ್ಕೆ ಹಾಕಿ ದನಿ ಕೇಳುತ್ತಿದ್ದ ಚಿನಿವಾರನ ಜಾಗದಲ್ಲಿ ಅದು ಕೂತಿದೆ.

ಕಡೆಯ ಶನಿವಾರ ನಾನು ಪಾತ್ರಗಳನ್ನು ಅದಲುಬದಲು ಮಾಡಿದೆ. ಕಳ್ಳನ ಆಟಗಾರ ಒಂದು ರಾತ್ರಿಯ ಮಟ್ಟಿಗೆ ಇಸಿಲದ ಬೊಕ್ಕಸದ ಅಧಿಕಾರಿ. ನಾನು ಬಳೆಗಾರ್ತಿ. ಜಾತ್ರೆ ಮುಗಿದಿದೆ, ಬಂಡೆಯ ಮೇಲಿನ ಒಡೆದ ಬಳೆಚೂರು ಗುಡಿಸಿ, ಏಳು ಓಲೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬೊಕ್ಕಸದ ಬಾಗಿಲಿಗೆ ಬಂದಿದ್ದೇನೆ. ಆ ವರ್ಷದ ಸಂಪಾದನೆ ಅಷ್ಟೆ. ಅವನ ಮುಂದೆ ದಾರಿಗಳನ್ನು ಇಟ್ಟೆ: ಜಪ್ತಿ ಮಾಡಿ ರಸೀದಿ ಕೊಡು, ಇಲ್ಲವೇ ಎಲ್ಲದಕ್ಕೂ ಚಿನ್ನ ಕೊಡು, ಇಲ್ಲವೇ ಪರೀಕ್ಷಕನನ್ನು ಕರೆಸು, ತಪ್ಪಾದರೆ ಅವನಿಗೆ 12 ಪಣ. ಮಾಂತ್ರಿಕ, ಬಂಟ, ವೈದ್ಯ ಎಲ್ಲರೂ ತಲೆಗೊಂದು ಸಲಹೆ ಹೇಳಿ ಜಗಳಕ್ಕಿಳಿದರು. ಅವನು ದಾಳವನ್ನು ಕೈಗೆತ್ತಿಕೊಂಡ, ಎಸೆಯಲಿಲ್ಲ. ಓಲೆಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ನೋಡುವವನಂತೆ ಕೈ ಮಾಡಿದ. ಆಮೇಲೆ ನನ್ನನ್ನು ಕೇಳಿದ:

“ಇದರಲ್ಲಿ ನಾನು ಮಾಡಿದ್ದು ಎಷ್ಟು?”